ಮೂಗಿನೊಳಗಿನ ನೇಜಿ

ಹಲಸಿನ ಬೀಜದ ಮೇಲಿನ ಬಿಳಿ ಸಿಪ್ಪೆ ತೆಗೆಯುವುದು ಅವಸರದವರಿಗೆ ಹೇಳಿದ ಕೆಲಸವಲ್ಲ. ಆ ದಿನ ಬೆಳಿಗ್ಗೆ ಉದ್ಯಾವರದ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಕೂತು ನಾನು ಅದನ್ನೇ ಮಾಡುತ್ತಿದ್ದೆ. ಕೈಬೆರಳೆಲ್ಲ ಅಂಟು. ಹಿಂದಿನ ದಿನ ಪೂರ್ತಿ ಮಗಳ ಜೊತೆ ಮಣಿಪಾಲದ ಆಸ್ಪತ್ರೆಯಲ್ಲಿದ್ದೆ. ಹೆರಿಗೆಗೆ ಇನ್ನೂ ಹೊತ್ತುಂಟು, ಮನೆಗೆ ಹೋಗಿ ಸ್ನಾನ ಮಾಡಿ ಬನ್ನಿ ಎಂದು ನರ್ಸ್ ಕಳುಹಿಸಿದ್ದಳು. ಹಾಗೆ ಬಂದವಳು, ಬಸ್ಸಿಗೆ ಸಮಯವಿದೆಯೆಂದು ಬೀಜಗಳ ಮುಂದೆ ಕೂತಿದ್ದೆ. ಸುಮ್ಮನೆ ಕೂರಲು ನನಗೆ ಬರುವುದಿಲ್ಲ.

ಫೋನು ಹೊಡೆದುಕೊಂಡಿತು. ನನ್ನ ಅತ್ತೆಯೇ ಕುರ್ಚಿಯಿಂದೆದ್ದು ಅದನ್ನು ತಂದು ನನ್ನ ಕಿವಿಗೆ ಹಿಡಿದರು. ಆ ಕಡೆ ಅಳಿಯ.

"ಅತ್ತೆ, ಹೆಣ್ಣು ಮಗು. ಇಬ್ಬರೂ ಆರಾಮ ಉಂಟು. ನೀವು ಗಡಿಬಿಡಿ ಮಾಡಬೇಡಿ, ನಿಧಾನ ಬನ್ನಿ."

ಅಂಟು ಕೈಯನ್ನೇ ಜೋಡಿಸಿ ದೇವರ ಕೋಣೆಯ ಕಡೆಗೆ ತಿರುಗಿದೆ. ಅತ್ತೆ ಫೋನನ್ನು ಸೆರಗಿನಲ್ಲಿ ಒರೆಸುತ್ತ, "ಹೆಣ್ಣಾ? ಒಳ್ಳೇದಾಯ್ತು. ಈ ಮನೆಯಲ್ಲಿ ಮಾತಾಡುವವರು ಕಡಿಮೆ ಅಂತ ನನಗೆ ಚಿಂತೆ ಇತ್ತು" ಎಂದರು. ಬೆಳಗಿನಿಂದ ಒಂದು ಕ್ಷಣ ಬಾಯಿ ಮುಚ್ಚದವರು ಹೇಳಿದ ಮಾತು ಇದು.

ನಕ್ಕೆ. ಆದರೆ ನಗುವಿನ ಬೆನ್ನಿಗೇ ಇನ್ನೊಂದು ಯೋಚನೆ ಬಂದು ಎದೆಯಲ್ಲಿ ಕೂತಿತು. ನಾಳೆ ಆ ಮಗುವನ್ನು ಎತ್ತಿಕೊಂಡು ತಲೆಗೆ ಮುಖ ತಾಗಿಸಿದಾಗ, ಅದು ನನಗೆ ಟಯರು ಸುಟ್ಟ ಹಾಗೆ ನಾರಿದರೆ?

ಇದೆಂತಹ ಅಜ್ಜಿ ಎಂದು ನಿಮಗನ್ನಿಸಬಹುದು. ಅದಕ್ಕೆ ನಿಮ್ಮನ್ನು ಸ್ವಲ್ಪ ಹಿಂದಕ್ಕೆ ಕರೆದುಕೊಂಡು ಹೋಗಬೇಕು. ನನ್ನ ತವರಿನಿಂದಲೇ ಸುರುಮಾಡುತ್ತೇನೆ.

ನಾನು ಇನ್ನಂಜೆಯವಳು. ಮನೆಯ ಎದುರಿಗೆ ಗದ್ದೆ, ಗದ್ದೆಗೂ ಅಂಗಳಕ್ಕೂ ನಡುವೆ ಮಲ್ಲಿಗೆ ಗಿಡಗಳು. ದಿನಾ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುವುದು ನಮ್ಮ, ಅಂದರೆ ಹುಡುಗಿಯರ ಕೆಲಸ. ದೇವರಿಗೆ ಏರಿಸುವ ಹೂವನ್ನು ಮೂಸುವಂತಿಲ್ಲ ಎಂಬುದು ನಿಯಮ. ಮೂಸಿದರೆ ಅದು ಎಂಜಲಾದ ಲೆಕ್ಕ. ಅಜ್ಜಿ ಎದುರಿಗೆ ಕೂತು ನಮ್ಮ ಕೈಯನ್ನಲ್ಲ, ಮೂಗನ್ನು ನೋಡುತ್ತಿದ್ದರು. ಹೊಳ್ಳೆ ಚೂರು ಅರಳಿದರೂ ಸಾಕು, "ಮೂಸಿದ್ಯಾ?" ಎಂದು ಗದರಿ, ಕಟ್ಟಿದಷ್ಟು ಹೂವನ್ನು ತುಂಡರಿಸಿ ನಮ್ಮ ಜಡೆಗೇ ಮುಡಿಸಿಬಿಡುತ್ತಿದ್ದರು. ನನ್ನ ತಂಗಿ ಬಲು ಚುರುಕು. ತನಗೆ ಹೂ ಮುಡಿಯುವ ಆಸೆಯಾದಾಗಲೆಲ್ಲ ಅಜ್ಜಿಯ ಎದುರೇ ಗೊರಕೆಯಂತೆ ಸದ್ದು ಮಾಡಿ ಉಸಿರೆಳೆಯುತ್ತಿದ್ದಳು. ನಾನು ಹೆದರುಪುಕ್ಕಲಿ. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದು ಕಟ್ಟಲು ಕಲಿತೆ. ಮದುವೆಯಾಗಿ, ಮಗಳು ಹುಟ್ಟಿ, ಆ ಮಗಳಿಗೂ ಮದುವೆಯಾಗಿ ಕಾರ್ಕಳಕ್ಕೆ ಹೋದರೂ ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಪೂಜೆ ಮುಗಿದು ಹೂವು ಪ್ರಸಾದವಾಗಿ ಅಂಗೈಗೆ ಬಂದ ಮೇಲೆ, ಕಣ್ಣಿಗೊತ್ತಿಕೊಂಡು, ಒಂದು ದೀರ್ಘ ಉಸಿರು. ದಿನದಲ್ಲಿ ಅದೊಂದು ನನ್ನ ಸ್ವಂತದ ಸುಖ.

ಮಗಳು ಗರ್ಭಿಣಿಯೆಂದು ತಿಳಿದ ಹೊಸತರಲ್ಲಿ, ದೀಪಾವಳಿ ಕಳೆದ ಮೇಲೆ, ನನಗೊಂದು ಜ್ವರ ಬಂತು. ಮನೆಯಲ್ಲಿ ಎಲ್ಲರಿಗೂ ಬಂದದ್ದೇ. ಎಲ್ಲರಿಗೂ ಬಿಟ್ಟಿತು, ನನಗೂ ಬಿಟ್ಟಿತು. ಎದ್ದು ಸ್ನಾನ ಮಾಡಿ ಹೂ ಕಟ್ಟಿಕೊಟ್ಟೆ. ಇವರು ಪೂಜೆ ಮುಗಿಸಿ ಪ್ರಸಾದ ಕೊಟ್ಟರು. ಕಣ್ಣಿಗೊತ್ತಿ ಉಸಿರೆಳೆದರೆ ಹೂವಿನಲ್ಲಿ ಏನೂ ಇಲ್ಲ! ಕಾಗದವನ್ನು ಮೂಸಿದ ಹಾಗೆ.

ನೀವಾಗಿದ್ದರೆ ಮೂಗು ಕಟ್ಟಿದೆ ಎಂದುಕೊಳ್ಳುತ್ತಿದ್ದಿರಿ. ನನ್ನ ಮೂಗು ಕಟ್ಟಿರಲಿಲ್ಲ, ಗಾಳಿ ಸರಾಗವಾಗಿ ಹೋಗಿ ಬರುತ್ತಿತ್ತು. ಹಾಗಾಗಿ ನನ್ನ ಬುದ್ಧಿಗೆ ಹೊಳೆದದ್ದೇ ಬೇರೆ. ದೇವರು ಈ ಸಲ ಪರಿಮಳವನ್ನು ಪೂರ್ತಿಯಾಗಿ ಸ್ವೀಕರಿಸಿಬಿಟ್ಟಿದ್ದಾನೆ! ಮರುದಿನವೂ ಹಾಗೆಯೇ. ಅದರ ಮರುದಿನವೂ. ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಉಸಿರು ಹಿಡಿದು ಕಟ್ಟಿದ್ದಕ್ಕೆ ಇದು ಉತ್ತರವೆಂದು ತಿಳಿದೆ. ತಡೆಯಲಾರದೆ ಇವರಿಗೆ ಹೇಳಿದೆ. ಇವರು ಕಾಪುವಿನ ಶಾಲೆಯಲ್ಲಿ ಮೇಷ್ಟ್ರು. ಬಸ್ಸಿಗೆ ಹೊರಟು ಚಪ್ಪಲಿ ಹುಡುಕುತ್ತಿದ್ದರು.

"ಇಷ್ಟು ವರ್ಷ ನಾನು ಏರಿಸಿದಾಗೆಲ್ಲ ನಮಗೂ ಸ್ವಲ್ಪ ಬಿಟ್ಟಿಡ್ತಿದ್ದ. ಈಗ ಪೂರಾ ತಗೊಂಡನಾ? ಎಂತ, ಅವನಿಗೂ ಜ್ವರ ಬಿಟ್ಟು ಹಸಿವಾಯ್ತಾ?" ಎಂದು ಕೇಳಿ ಹೊರಟೇ ಹೋದರು.

ನಾಸ್ತಿಕರಲ್ಲ ಅವರು, ಆದರೆ ಮೇಷ್ಟ್ರು. ನಾನು ಮಾತ್ರ ನನ್ನ ಸಂತೋಷವನ್ನು ಬಿಟ್ಟುಕೊಡಲಿಲ್ಲ. ಗುಳ್ಳ ಬದನೆಯ ಹುಳಿ ಹೊತ್ತಿಹೋದ ದಿನದವರೆಗೆ ನಾನು ದೇವರಿಗೆ ಬಹಳ ಹತ್ತಿರದವಳಾಗಿದ್ದೆ.

ಆ ದಿನ ಹುಳಿಯ ಪಾತ್ರೆಯ ಎದುರಿಗೇ ನಿಂತು ತೆಂಗಿನಕಾಯಿ ತುರಿಯುತ್ತಿದ್ದೆ. ಮುಂದಿನ ಚಾವಡಿಯಿಂದ ಅತ್ತೆ ಕೂಗಿದರು, "ಒಳಗೆ ಎಂತ ಹೊತ್ತಿದ್ದು?" ಅತ್ತೆ ಮಂಡಿನೋವಿನವರು. ಊಟಕ್ಕೆ ಬಿಟ್ಟರೆ ಆರಾಮಕುರ್ಚಿಯಿಂದ ಏಳುವವರಲ್ಲ. ಆ ದಿನ ನಾನು ತಿರುಗಿ ನೋಡುವಷ್ಟರಲ್ಲಿ ಒಳಗೆ ಬಂದು ಪಾತ್ರೆ ಇಳಿಸಿಯಾಗಿತ್ತು. ತಳ ಕರಿಮಸಿ. ಹೊಗೆ ನನ್ನ ಮುಖಕ್ಕೇ ಬರುತ್ತಿತ್ತು.

"ನಿನ್ನ ಮೂಗು ಎಲ್ಲಿ ಉಂಟು ಮಾರಾಯ್ತಿ?" ಎಂದರು. ಇಂಗಿನ ಡಬ್ಬಿ ತಂದು ಹಿಡಿದರು. ಕಾಫಿಪುಡಿ ಹಿಡಿದರು. ಕೊನೆಗೆ ತಮ್ಮ ಮಂಡಿಗೆ ಹಚ್ಚುವ ಮುಲಾಮನ್ನೂ ಹಿಡಿದರು. ಅದು ಹಚ್ಚಿದರೆ ಬೀದಿಯವರಿಗೂ ಗೊತ್ತಾಗುವಂಥದ್ದು. ನನಗೆ ಕಣ್ಣು ಉರಿಯಿತು, ಅಷ್ಟೆ.

ದೇವರು ಏನನ್ನೂ ತೆಗೆದುಕೊಂಡಿರಲಿಲ್ಲ. ಹೋದದ್ದು ನನ್ನದೇ.

ನೈವೇದ್ಯದ ಮನೆಯಲ್ಲಿ ಇದು ಸಣ್ಣ ಕಷ್ಟವಲ್ಲ. ದೇವರಿಗೆ ಇಡುವ ಮೊದಲು ನಾವು ರುಚಿ ನೋಡುವಂತಿಲ್ಲ. ಬೇಳೆ ಬೆಂದದ್ದು, ಮಸಾಲೆ ಹುರಿದದ್ದು, ಸಾರಿಗೆ ಉಪ್ಪು ಬಿದ್ದದ್ದು, ಎಲ್ಲ ಕುದಿಯುವಾಗ ಏಳುವ ಪರಿಮಳದಲ್ಲೇ ತಿಳಿಯಬೇಕು. ಆಮೇಲಿನ ದಿನಗಳಲ್ಲಿ ನಮ್ಮ ಸಾರು ಒಂದು ದಿನ ಸಮುದ್ರ, ಇನ್ನೊಂದು ದಿನ ಬರೀ ಬಿಸಿನೀರು. ಇವರು ಒಂದು ದಿನವೂ ತಟ್ಟೆ ದೂಡಲಿಲ್ಲ. ಇಂಥವನ್ನು ನಾನು ಮರೆಯುವುದಿಲ್ಲ.

ಮಣಿಪಾಲಕ್ಕೆ ಹೋದೆವು. ಡಾಕ್ಟರು ನಮ್ಮ ಮಗಳಿಗಿಂತ ಸ್ವಲ್ಪ ದೊಡ್ಡ ಹುಡುಗಿ. ಮೂಗಿನೊಳಗೆ ಸಪೂರದ ಕೊಳವೆ ಹಾಕಿ, ದೀಪ ಬಿಟ್ಟು ನೋಡಿ, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಕೂತಳು. ನನಗೆ ಅರ್ಥವಾಗುವವರೆಗೆ ಏಳುವುದಿಲ್ಲ ಎಂಬಂತೆ ಕೂತ ಆ ರೀತಿಯೇ ನನಗೆ ಅರ್ಧ ಔಷಧವಾಯಿತು.

"ಅಮ್ಮ, ಪರಿಮಳ ಗೊತ್ತಾಗುವ ಜಾಗ ಮೂಗಿನ ತುದಿಯಲ್ಲಿ ಇಲ್ಲ. ತುಂಬ ಮೇಲೆ, ಕಣ್ಣುಗಳ ನಡುವೆ, ಒಂದು ಅಂಚೆಚೀಟಿಯಷ್ಟು. ಅಲ್ಲಿ ಉಂಟಲ್ಲ, ಅವು ನರಕೋಶಗಳು. ಮೈಯ ಬೇರೆ ನರಗಳೆಲ್ಲ ಒಳಗೆ ಬೆಚ್ಚಗೆ ಕೂತಿವೆ. ಇವು ಮಾತ್ರ ಹೊರಗಿನ ಗಾಳಿಗೇ ತಲೆ ಹಾಕಿಕೊಂಡಿರುದು. ಧೂಳು, ಹೊಗೆ, ಜ್ವರದ ವೈರಸ್, ಎಲ್ಲ ಇವಕ್ಕೇ ಮೊದಲು ತಾಗುದು. ಹಾಗಾಗಿ ಇವಕ್ಕೆ ಆಯಸ್ಸು ಕಡಿಮೆ. ಕೆಲವು ತಿಂಗಳಲ್ಲಿ ಸಾಯ್ತವೆ."

"ಸತ್ತರೆ ಮತ್ತೆ?" ಎಂದೆ.

"ಮತ್ತೆ ಹುಟ್ತವೆ. ಅದೇ ವಿಶೇಷ. ಅವುಗಳ ಬುಡದಲ್ಲಿ ಬೇರೆ ಕೋಶಗಳುಂಟು, ಜೀವಮಾನ ಇಡೀ ಹೊಸತನ್ನು ಹುಟ್ಟಿಸಿ ಮೇಲೆ ಕಳಿಸ್ತಾ ಇರುವಂಥದ್ದು. ನಿಮಗೆ ಗದ್ದೆ ಗೊತ್ತುಂಟಾ? ನೇಜಿ ಹಾಕುದು ನೋಡಿದ್ದೀರಾ?"

ಇನ್ನಂಜೆಯವಳಿಗೆ ನೇಜಿ ಗೊತ್ತುಂಟಾ ಎಂದು ಕೇಳಿದರೆ! ಗದ್ದೆಯ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಬಿತ್ತಿ ಬೆಳೆಸಿದ ಎಳೆ ಸಸಿಗಳು ಅವು, ಕಿತ್ತು ಬೇರೆ ಕಡೆ ನೆಡಲಿಕ್ಕೆ. ಮಳೆಗಾಲದ ಸುರುವಿನಲ್ಲಿ ಆ ಹಸುರನ್ನು ನೋಡಿದವರು ಬೇರೆ ಯಾವ ಹಸುರನ್ನೂ ಹಸುರೆನ್ನುವುದಿಲ್ಲ.

"ನಿಮ್ಮ ಮೂಗಿನಲ್ಲಿ ಅಂಥದ್ದೊಂದು ನೇಜಿಗದ್ದೆ ಯಾವಾಗಲೂ ಉಂಟು. ಕೆಲವು ಬುಡಕೋಶಗಳು ದಿನಾ ದುಡಿಯುವಂಥವು. ಇನ್ನು ಕೆಲವು ಅದಕ್ಕೂ ಅಡಿಯಲ್ಲಿ ಸುಮ್ಮನೆ ಮಲಗಿರ್ತವೆ. ದೊಡ್ಡ ಪೆಟ್ಟು ಬಿದ್ದಾಗ ಮಾತ್ರ ಏಳುದು."

ನನಗೆ ಥಟ್ಟನೆ ಅತ್ತೆ ನೆನಪಾದರು. ದಿನವಿಡೀ ಆರಾಮಕುರ್ಚಿ, ಪಾತ್ರೆ ಹೊತ್ತಿದ ದಿನ ಮಾತ್ರ ಎಲ್ಲರಿಗಿಂತ ಮೊದಲು ಅಡುಗೆಮನೆಯಲ್ಲಿ. ಪ್ರತಿ ಮನೆಗೂ ಅಂಥವರೊಬ್ಬರನ್ನು ಇಟ್ಟ ದೇವರು, ಮೂಗಿನೊಳಗೂ ಇಟ್ಟಿದ್ದಾನೆ ಎಂದು ಸಮಾಧಾನವಾಯಿತು. ಮನೆಗೆ ಬಂದು ಅತ್ತೆಗೆ ಇದನ್ನು ಹೇಳಿದೆ. "ಹೌದಾ? ಹಾಗಾದರೆ ಸಣ್ಣಪುಟ್ಟದಕ್ಕೆಲ್ಲ ನನ್ನನ್ನು ಎಬ್ಬಿಸಬೇಡ" ಎಂದು ಕಾಲು ಚಾಚಿದರು.

ಡಾಕ್ಟರು ಹೇಳಿದ್ದರಲ್ಲಿ ನನ್ನನ್ನು ತುಂಬ ದಿನ ಕಾಡಿದ್ದು ಇನ್ನೊಂದು. ಹುಟ್ಟಿದ ಪ್ರತಿ ಕೋಶವೂ ತನ್ನ ಬಾಲದಂಥ ಸಪೂರ ಎಳೆಯನ್ನು ಮಿದುಳಿಗೆ ಕಳುಹಿಸಬೇಕಂತೆ. ನಡುವೆ ಒಂದು ಎಲುಬಿದೆ, ತೂತು ತೂತಿನದು. ಸೇಮಿಗೆ ಒತ್ತುವ ಅಚ್ಚಿನಂತೆ ಎಂದು ನಾನು ಕಲ್ಪಿಸಿಕೊಂಡೆ. ಆ ತೂತುಗಳಲ್ಲಿ ನುಸುಳಿ ಆಚೆಗೆ ಹೋಗಿ, ತನ್ನ ಬಗೆಯ ಪರಿಮಳದ ಬಾಗಿಲನ್ನೇ ಹುಡುಕಿ ಸೇರಿಕೊಳ್ಳಬೇಕು. ನಾನು ಕೇಳಿದೆ, "ಅಲ್ಲಮ್ಮ, ನಿನ್ನೆ ಹುಟ್ಟಿದ ಕೋಶಕ್ಕೆ ನಮ್ಮ ಅಜ್ಜಿಯ ಕಾಲದ ಮಲ್ಲಿಗೆ ಹೇಗೆ ಗೊತ್ತಾಗುತ್ತದೆ?"

ಅವಳು ನಕ್ಕಳು. "ಕೋಶಕ್ಕೆ ಗೊತ್ತಿಲ್ಲ. ಬಾಗಿಲಿನ ಒಳಗಿನವರಿಗೆ ಗೊತ್ತುಂಟು. ಹಳೆಯದು ತಟ್ಟುತ್ತಿದ್ದ ಬಾಗಿಲನ್ನೇ ಹೊಸದೂ ಹುಡುಕಿ ತಟ್ಟಬೇಕು. ಹೇಗೆ ಹುಡುಕುತ್ತದೆ ಅಂತ ಪೂರ್ತಿ ನಮಗೂ ಗೊತ್ತಿಲ್ಲ."

ಗೊತ್ತಿಲ್ಲ ಎನ್ನುವ ಡಾಕ್ಟರರ ಮೇಲೆ ನನಗೆ ನಂಬಿಕೆ ಜಾಸ್ತಿ. ಬಸ್ಸಿನಲ್ಲಿ ಕೂತು ಯೋಚಿಸಿದೆ. ಅಜ್ಜಿಯ ಎದುರು ಉಸಿರು ಹಿಡಿದ ಆ ಮೂಗು ಎಂದೋ ಹೋಗಿದೆ. ಮದುವೆಯ ದಿನ ಹೋಮದ ಹೊಗೆ ಕುಡಿದ ಮೂಗೂ ಹೋಗಿದೆ. ನನಗೆ ತಿಳಿಸದೆ, ನನ್ನನ್ನು ಕೇಳದೆ, ಎಷ್ಟು ಸಲವೋ ಹೊಸದಾಗಿದೆ. ಆದರೂ ಮಲ್ಲಿಗೆ ಅದೇ ಮಲ್ಲಿಗೆ. ನಮ್ಮ ಮನೆಗೆ ತಲೆಮಾರಿಗೊಬ್ಬ ಸೊಸೆ ಬಂದರೂ ಗುಳ್ಳದ ಹುಳಿಯ ರುಚಿ ಬದಲಾಗಿಲ್ಲ, ಹಾಗೆ. ಈ ವಯಸ್ಸಿನಲ್ಲಿ ಹಲ್ಲು, ಕೂದಲು, ಕಣ್ಣಿನ ದೃಷ್ಟಿ ಎಲ್ಲವೂ ಹೋಗುವ ದಾರಿಯಲ್ಲೇ ಇರುವುದು. ಬರುವ ದಾರಿಯಲ್ಲಿರುವುದು ಏನಾದರೂ ಒಂದಿದೆ ಎಂದು ತಿಳಿದು ನನಗೆ ವಿಚಿತ್ರ ಸಂಭ್ರಮವಾಯಿತು.

ಪೂರ್ತಿ ಬಂದೇ ಬರುತ್ತದೆ ಎಂದು ಡಾಕ್ಟರು ಮಾತು ಕೊಡಲಿಲ್ಲ. ಕೆಲವರಿಗೆ ಅರ್ಧಕ್ಕೇ ನಿಲ್ಲುವುದುಂಟಂತೆ. ಔಷಧಿಗಿಂತ ಅಭ್ಯಾಸ ಮುಖ್ಯ, ಬೆಳಿಗ್ಗೆ ಸಂಜೆ ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಒಂದು ಹೂವು, ಇವನ್ನು ಒಂದೊಂದಾಗಿ ಮೂಸಬೇಕು, ಪರಿಮಳ ಬಾರದಿದ್ದರೂ ಅದು ಹೇಗಿತ್ತೆಂದು ನೆನೆಸಿಕೊಳ್ಳಬೇಕು ಎಂದಳು.

ಹೂವು ಎಂದ ಕೂಡಲೇ ನಾನು ಇವರ ಮುಖ ನೋಡಿದೆ. ಬೇಕೆಂದೇ ಹೂ ಮೂಸುವುದು! ಇವರು ದಾರಿಯುದ್ದಕ್ಕೂ ಯೋಚಿಸಿ, ಉದ್ಯಾವರದಲ್ಲಿ ಬಸ್ಸಿಳಿಯುವಾಗ ತೀರ್ಪು ಕೊಟ್ಟರು. "ಪೂಜೆ ಆದ ಮೇಲೆ ಪ್ರಸಾದದ ಹೂವನ್ನೇ ಮೂಸು. ಸಂಜೆಗೂ ಅದೇ. ಡಾಕ್ಟರರಿಗೂ ಬೇಜಾರಿಲ್ಲ, ದೇವರಿಗೂ ಬೇಜಾರಿಲ್ಲ." ಲವಂಗ, ನಿಂಬೆಗಳಿಗೆ ಬೇರೆ ಡಬ್ಬಿಯಾಯಿತು. ಅಡುಗೆಯದಕ್ಕೆ ಬೆರೆಯದಂತೆ ಅದನ್ನು ಅತ್ತೆಯ ಕುರ್ಚಿಯ ಹತ್ತಿರ ಇಟ್ಟೆ. ನಾನು ಕಣ್ಣುಮುಚ್ಚಿ ಲವಂಗ ಮೂಸುತ್ತ ಕೂತರೆ ಅತ್ತೆ, "ಜಪವಾ, ಲವಂಗವಾ?" ಎಂದು ಕೇಳುವುದು ದಿನಚರಿಯಾಯಿತು. ನಿಜ ಹೇಳಬೇಕೆಂದರೆ ಎರಡಕ್ಕೂ ದೊಡ್ಡ ವ್ಯತ್ಯಾಸವಿರಲಿಲ್ಲ. ಎದುರಿಗೆ ಏನೂ ತೋರದಿದ್ದರೂ ಇದೆ ಎಂದು ನಂಬಿ ಕೂರುವುದು ತಾನೇ.

ಯುಗಾದಿಯ ಸುಮಾರಿಗೆ ಒಂದು ಬೆಳಿಗ್ಗೆ ಕಾಫಿ ಮಾಡುತ್ತಿದ್ದಾಗ ಮೂಗಿಗೆ ಏನೋ ಬಡಿಯಿತು. ಸಂತೋಷದಿಂದ ಕೂಗಬೇಕೆನ್ನುವಷ್ಟರಲ್ಲಿ ಗೊತ್ತಾಯಿತು, ಅದು ಟಯರು ಸುಟ್ಟ ವಾಸನೆ. ನಮ್ಮದು ಹೆದ್ದಾರಿಯ ಬದಿಯ ಊರು. ಯಾರೋ ರಸ್ತೆಬದಿಯಲ್ಲಿ ಸುಡುತ್ತಿದ್ದಾರೆಂದು ಹೊರಗೆ ಹೋಗಿ ನೋಡಿದೆ. ಯಾರೂ ಇಲ್ಲ. ಒಳಗೆ ಬಂದು ಲೋಟ ಎತ್ತಿದರೆ ಟಯರು ಲೋಟದಲ್ಲೇ ಇದೆ. ಆಮೇಲೆ ಹುರಿದ ಕೊತ್ತಂಬರಿ ಹಾಗಾಯಿತು. ಈರುಳ್ಳಿ ಹಾಗಾಯಿತು. ಒಂದು ದಿನ ಪ್ರಸಾದದ ಮಲ್ಲಿಗೆಯನ್ನು ಕಣ್ಣಿಗೊತ್ತಿ ಉಸಿರೆಳೆದೆ, ಅದೂ ಟಯರು. ದೇವರ ಕೋಣೆಯಿಂದ ಮೂಗು ಮುಚ್ಚಿಕೊಂಡು ಹೊರಗೆ ಓಡಿದೆ. ಬಾವಿಕಟ್ಟೆಯಲ್ಲಿ ಕೂತು ಅತ್ತದ್ದು ಅವತ್ತೇ. ಏನೂ ಬಾರದಿದ್ದಾಗ ಇಷ್ಟು ದುಃಖವಾಗಿರಲಿಲ್ಲ.

ಮತ್ತೆ ಮಣಿಪಾಲ. ನಾನು ಕಣ್ಣೀರು ಹಾಕಿಕೊಂಡು ಹೇಳಿದರೆ ಡಾಕ್ಟರು ಖುಷಿಯಿಂದ ಕೈ ತಟ್ಟಿದಳು!

"ಅಮ್ಮ, ಇದು ಒಳ್ಳೆ ಸುದ್ದಿ. ಹೊಸ ಕೋಶಗಳು ಬಂದಾಗಿದೆ. ಆದರೆ ಮೊದಲಿಗೆ ಕೆಲವೇ ಇರ್ತವೆ, ಕೆಲವು ಎಳೆಗಳು ಬೇರೆಯವರ ಬಾಗಿಲು ತಟ್ಟುದೂ ಉಂಟು. ಹಾಗೆ ಸಂಗತಿ ಅಡ್ಡಾದಿಡ್ಡಿ ಆಗಿ ಮಿದುಳಿಗೆ ಮುಟ್ಟುತ್ತದೆ. ಇನ್ನಷ್ಟು ಹುಟ್ಟಬೇಕು, ದಾರಿ ಸರಿಯಾಗಬೇಕು. ಅಭ್ಯಾಸ ಬಿಡಬೇಡಿ."

"ಎಷ್ಟು ಸಮಯ?"

"ಅದು ಮಾತ್ರ ಕೇಳಬೇಡಿ."

ಮಗಳು ಏಳು ತಿಂಗಳ ಬಸುರಿ. ಅವಳಿಗೆ ಇದನ್ನೆಲ್ಲ ಹೇಳುವುದು ಬೇಡವೆಂದು ನಿಶ್ಚಯಿಸಿದೆವು. ಮೂಗು ಸ್ವಲ್ಪ ಸರಿಯಿಲ್ಲ ಎಂದಷ್ಟೇ ಅವಳಿಗೆ ಗೊತ್ತು. ಅತ್ತೆ ಮಾತ್ರ, "ಮಗಳ ಬಾಣಂತನ ಹೊರಗೆ, ತಾಯಿಯದು ಮೂಗಿನೊಳಗೆ. ಎರಡಕ್ಕೂ ಲೇಹ ನಾನೇ ಕಾಯಿಸಬೇಕಾ?" ಎಂದು ನನ್ನನ್ನು ನಗಿಸಿದರು.

ಈಗ ಹೇಳಿ, ಹೆಣ್ಣು ಮಗು ಎಂದು ಫೋನು ಬಂದಾಗ ನನಗೆ ಬಂದ ಭಯ ಅಷ್ಟು ವಿಚಿತ್ರವೇ? ಎಳೆಯ ಮಗುವಿನ ನೆತ್ತಿಯ ಪರಿಮಳ ಕೆಲವು ತಿಂಗಳು ಮಾತ್ರ ಇರುವುದು. ಅದು ಮುಗಿಯುವುದರೊಳಗೆ ನನ್ನ ಮೂಗು ಬಾರದಿದ್ದರೆ ಹೋಯಿತು. ಅದಕ್ಕಿಂತ ಹೆಚ್ಚಿನ ಭಯ, ತಪ್ಪಾಗಿ ಬಂದರೆ? ಮಲ್ಲಿಗೆಯಂತೆ ಮಗುವೂ ಟಯರಾಗಿ ನಾರಿದರೆ, ಆ ನೆನಪು ಎಂದಾದರೂ ಅಳಿಯುತ್ತದೆಯೇ?

ಹಾಗಾಗಿ ಮಗು ಮನೆಗೆ ಬಂದಾಗ ನಾನು ಹಳೆಯ ವಿದ್ಯೆಗೆ ಶರಣಾದೆ. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಉಸಿರು ಹಿಡಿದು. ಎಣ್ಣೆ ತಿಕ್ಕಿದೆ, ಕಾಲ ಮೇಲೆ ಮಲಗಿಸಿ ಬಿಸಿನೀರು ಹಾಕಿದೆ, ಸಾಂಬ್ರಾಣಿ ಹೊಗೆ ತೋರಿಸಿದೆ, ತೊಟ್ಟಿಲು ತೂಗಿದೆ. ಮೂಗನ್ನು ಮಾತ್ರ ಹತ್ತಿರ ತರಲಿಲ್ಲ. ಬಂದವರೆಲ್ಲ ಮಗುವಿನ ಕುತ್ತಿಗೆಗೆ ಮುಖ ಹುದುಗಿಸಿ "ಆಹಾ" ಎನ್ನುತ್ತಿದ್ದರು. ನಾನು ಅಡುಗೆಮನೆಗೆ ಹೋಗುತ್ತಿದ್ದೆ.

ಮಕ್ಕಳ ಕಣ್ಣು ತಪ್ಪಿಸಲಾಗುವುದಿಲ್ಲ. ನಾಮಕರಣ ಕಳೆದ ಮೇಲೆ ಒಂದು ಮಧ್ಯಾಹ್ನ ಮಗಳು ಕೇಳಿದಳು, "ಅಮ್ಮ, ನಿನಗೆ ಗಂಡು ಮಗು ಬೇಕಿತ್ತಾ?"

ಮಡಚುತ್ತಿದ್ದ ಬಟ್ಟೆ ಬದಿಗಿಟ್ಟೆ. "ಎಂತದು ನೀನು ಕೇಳುದು?"

"ಮತ್ತೆ ಯಾಕೆ ಅವಳನ್ನು ಹಾಗೆ ಹಿಡಿದುಕೊಳ್ತೀ? ಬಿಸಿ ಪಾತ್ರೆ ಹಿಡಿದ ಹಾಗೆ. ಒಂದು ಮುತ್ತು ಸಹ ಕೊಟ್ಟದ್ದು ನಾನು ನೋಡಲಿಲ್ಲ."

ಎಲ್ಲ ಹೇಳಿದೆ. ಟಯರಿನದ್ದು, ಮಲ್ಲಿಗೆಯದ್ದು, ಬಾವಿಕಟ್ಟೆಯದ್ದು. ಅವಳು ಕೇಳುತ್ತ ಕೇಳುತ್ತ ಅತ್ತಳು, ಆಮೇಲೆ ದೇವರು ಪರಿಮಳ ತೆಗೆದುಕೊಂಡ ಭಾಗ ಬಂದಾಗ ಅಳುತ್ತಲೇ ನಕ್ಕಳು. "ಹೆದರಬೇಡ ಅಮ್ಮ. ಇವಳು ಎಲ್ಲಿಗೂ ಓಡುದಿಲ್ಲ. ನಿನ್ನ ನೇಜಿ ಬರುವವರೆಗೆ ಇಲ್ಲೇ ಇರ್ತಾಳೆ" ಎಂದಳು. ನಾನು ಆಗಲೂ ಮೂಸಲಿಲ್ಲ. ಧೈರ್ಯ ಬರಲಿಲ್ಲ.

ಮೊನ್ನೆ ಬೆಳಿಗ್ಗೆ ನಾನು ಸ್ನಾನ ಮಾಡಿ ಮಡಿಸೀರೆ ಉಟ್ಟು ಅಡುಗೆಗೆ ಹೊರಟಿದ್ದೆ. ಮಡಿಯಲ್ಲಿದ್ದಾಗ ಯಾರನ್ನೂ ಮುಟ್ಟುವಂತಿಲ್ಲ. ಮಗಳು ಸ್ನಾನಕ್ಕೆ ಹೋಗಿದ್ದಳು. ತೊಟ್ಟಿಲಲ್ಲಿ ಮಗು ಎದ್ದು ಕಿರುಚತೊಡಗಿತು.

"ಎತ್ತಿಕೋ" ಎಂದರು ಅತ್ತೆ ಕುರ್ಚಿಯಿಂದ.

"ಮಡಿಯಲ್ಲಿದ್ದೇನೆ, ಅತ್ತೆ."

"ಮಡಿ ಇನ್ನೊಂದು ಉಡಬಹುದು. ಅದು ಅತ್ತು ಅತ್ತು ನೀಲಿಯಾಗ್ತಾ ಉಂಟು. ನಾನು ಎತ್ತಿದರೆ ಇಬ್ಬರೂ ಬೀಳ್ತೇವೆ."

ಎತ್ತಿಕೊಂಡೆ. ಹೆಗಲಿಗೆ ಹಾಕಿ, ಮುಖ ತಿರುಗಿಸಿ, ಬೆನ್ನು ತಟ್ಟಿದೆ. ಒಂದು ಸಣ್ಣ ತೇಗು ಬಂತು, ಅದರ ಹಿಂದೆಯೇ ಕುಡಿದ ಹಾಲೆಲ್ಲ ನನ್ನ ಹೆಗಲ ಮೇಲೆ. ಬೆಚ್ಚಗೆ ಬೆನ್ನಿಗೆ ಇಳಿಯಿತು. ಅಯ್ಯೋ ಎಂದು ಉಸಿರು ಎಳೆದುಕೊಂಡೆ, ಹಿಡಿಯಲು ಮರೆತು.

ಹಾಲು ಒಡೆದ ವಾಸನೆ. ಸ್ವಲ್ಪ ಹುಳಿ, ಸ್ವಲ್ಪ ಮೊಸರು. ಟಯರಲ್ಲ. ಮಗಳು ಚಿಕ್ಕವಳಿದ್ದಾಗ ನನ್ನ ಎಲ್ಲ ಸೀರೆಗಳಲ್ಲೂ ಇದ್ದ ವಾಸನೆ ಅದೇ.

"ಅತ್ತೆ, ನಾರುತ್ತದೆ!" ಎಂದು ಕೂಗಿದೆ.

"ಮತ್ತೆ ಮಗು ಕಕ್ಕಿದರೆ ಗಂಧ ತೇದ ಹಾಗೆ ಬರುತ್ತದಾ?" ಎಂದವರು, ಅರ್ಧಕ್ಕೆ ನಿಲ್ಲಿಸಿ ನನ್ನನ್ನು ನೋಡಿದರು. "ಹೌದಾ? ನಿಜವಾಗಿ?" ಎಂದು ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

ನಾನು ಮಗುವಿನ ನೆತ್ತಿಗೆ ಮೂಗು ತಾಗಿಸಿದೆ. ಬಹಳ ಸಪೂರವಾಗಿ, ಎಲ್ಲೋ ದೂರದಲ್ಲಿ, ತೆಂಗಿನೆಣ್ಣೆ. ಅದರ ಅಡಿಯಲ್ಲಿ ಹೆಸರಿಲ್ಲದ ಒಂದು ಬೆಚ್ಚಗಿನದ್ದು. ಪೂರ್ತಿ ಇದೆ ಎನ್ನಲಾರೆ. ಒಮ್ಮೆ ಬಂದು ಒಮ್ಮೆ ಮಾಯವಾಯಿತು, ಮತ್ತೆ ಬಂತು. ಮಗಳು ತಲೆಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದವಳು ಬಾಗಿಲಲ್ಲೇ ನಿಂತಳು.

"ಸಿಕ್ಕಿತಾ ಅಮ್ಮ?"

"ಸ್ವಲ್ಪ" ಎಂದೆ. ಅಷ್ಟು ಸಾಕಿತ್ತು.

ಮಗುವನ್ನು ಅವಳ ಕೈಗೆ ಕೊಟ್ಟೆ. ಸೀರೆಯನ್ನು ಬಕೆಟಿನಲ್ಲಿ ನೆನೆಹಾಕಿ, ಇನ್ನೊಮ್ಮೆ ಸ್ನಾನ ಮಾಡಿ, ಬೇರೆ ಮಡಿ ಉಟ್ಟು ಅಕ್ಕಿ ತೊಳೆಯಲು ಕೂತೆ. ಇವರು ಪೂಜೆಗೆ ಕೂರುವ ಹೊತ್ತಾಗಿತ್ತು, ಒಲೆಯ ಮೇಲೆ ಇನ್ನೂ ಎಸರು ಇಟ್ಟಿರಲಿಲ್ಲ.